ನೆಲದ ಮೇಲಿನ ಅಳತೆಯಿಂದ ನೂರಾರು ಕಿಲೋಮೀಟರ್ ಆಳದ ಕಲ್ಲಿನ ಬಗ್ಗೆ ಎಷ್ಟು ಹೇಳಬಹುದು?

ಜಿಜ್ಞಾಸು:

ಭೂಮಿಯ ಮ್ಯಾಂಟಲ್‌ನಲ್ಲಿ, ಅಂದರೆ ಭೂಕವಚಕ್ಕೂ ಕೇಂದ್ರಗೋಳಕ್ಕೂ ನಡುವಿನ ದಪ್ಪ ಕಲ್ಲಿನ ಪದರದಲ್ಲಿ, 410ರಿಂದ 660 ಕಿ.ಮೀ. ಆಳದ ನಡುವಿನ ವಲಯದಲ್ಲಿ ಸಾಗರಗಳಷ್ಟು ನೀರು ಅಡಗಿದೆ ಎಂಬ ಮಾತನ್ನು ಜನಪ್ರಿಯ ವಿಜ್ಞಾನ ಬರಹಗಳಲ್ಲಿ ಮತ್ತೆ ಮತ್ತೆ ಓದುತ್ತೇವೆ. ಅದಕ್ಕೆ ಕೊಡುವ ಆಧಾರಗಳಲ್ಲಿ ಒಂದು, ಆ ಆಳದ ಕಲ್ಲು ವಿದ್ಯುತ್ತನ್ನು ಎಷ್ಟರಮಟ್ಟಿಗೆ ಹರಿಯಗೊಡುತ್ತದೆ ಎಂಬ ಅಂದಾಜು. ಇಲ್ಲಿ ನನಗೆ ಎರಡು ಸಂದೇಹಗಳಿವೆ. ಮನುಷ್ಯ ಕೊರೆದ ಅತಿ ಆಳದ ರಂಧ್ರವಾದ ಕೋಲಾ ಕೊಳವೆಯೇ 12,262 ಮೀಟರಿಗೆ ನಿಂತಿರುವಾಗ, ನೆಲದ ಮೇಲೆ ಇಟ್ಟ ಉಪಕರಣ 500 ಕಿ.ಮೀ. ಕೆಳಗಿನ ಕಲ್ಲಿನ ವಿದ್ಯುತ್ ಗುಣವನ್ನು ಹೇಗೆ ಅಳೆಯುತ್ತದೆ? ಹಾಗೆ ಅಳೆದದ್ದು ನಿಜವೆಂದೇ ಒಪ್ಪಿಕೊಂಡರೂ, ವಾಹಕತೆಯಿಂದ ನೀರಿಗೆ ಹಾರುವ ಹೆಜ್ಜೆ ಎಷ್ಟು ಗಟ್ಟಿಯಾದದ್ದು? ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಓಮ್‌ಮೀಟರ್:

ಮೊದಲ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಎರಡನೆಯದಕ್ಕೆ ಪ್ರಯೋಗಾಲಯದಲ್ಲಿ ಖನಿಜಗಳನ್ನು ಕಾಯಿಸಿ ಅಳೆಯುವವರೇ ಬೇಕು.

ನಾವು ಬಳಸುವ ವಿಧಾನಕ್ಕೆ ಮ್ಯಾಗ್ನೆಟೋಟೆಲ್ಯುರಿಕ್ ಎಂದು ಹೆಸರು, ಬಾಯಿಮಾತಿನಲ್ಲಿ ಎಂಟಿ. ಇದರ ಸಿದ್ಧಾಂತವನ್ನು 1950ರಲ್ಲಿ ಸೋವಿಯತ್ ಒಕ್ಕೂಟದ ಟಿಖೋನೊವ್, 1953ರಲ್ಲಿ ಫ್ರಾನ್ಸಿನ ಕಾನ್ಯಾರ್ ಪ್ರತ್ಯೇಕವಾಗಿ ಮಂಡಿಸಿದರು. ಇದರಲ್ಲಿ ನಾವು ಭೂಮಿಯೊಳಕ್ಕೆ ಯಾವ ವಿದ್ಯುತ್ತನ್ನೂ ಹಾಯಿಸುವುದಿಲ್ಲ. ಆ ಕೆಲಸವನ್ನು ನಿಸರ್ಗವೇ ಮಾಡುತ್ತದೆ. ಜಗತ್ತಿನ ಎಲ್ಲೆಡೆ ಸದಾ ಹೊಡೆಯುತ್ತಿರುವ ಮಿಂಚುಗಳು 1 ಹರ್ಟ್ಜ್‌ಗಿಂತ ಹೆಚ್ಚಿನ ಆವೃತ್ತಿಯ ಸಂಕೇತಗಳನ್ನು ಒದಗಿಸುತ್ತವೆ. ಅದಕ್ಕಿಂತ ನಿಧಾನವಾದ ಏರಿಳಿತಗಳು, ಸೌರಮಾರುತವು ಭೂಮಿಯ ಕಾಂತಗೋಳವನ್ನು ತಟ್ಟಿ ಅಲುಗಿಸುವುದರಿಂದ ಹುಟ್ಟುತ್ತವೆ. ಹೀಗೆ ಬದಲಾಗುವ ಕಾಂತಕ್ಷೇತ್ರವು ನೆಲದೊಳಗೆ ವಿದ್ಯುತ್ ಪ್ರವಾಹವನ್ನು ಪ್ರೇರಿಸುತ್ತದೆ. ನೆಲದ ಮೇಲೆ ಒಂದೇ ಜಾಗದಲ್ಲಿ ಕಾಂತಕ್ಷೇತ್ರದ ಬದಲಾವಣೆ ಮತ್ತು ಅದರಿಂದ ಎದ್ದ ವಿದ್ಯುತ್ ಕ್ಷೇತ್ರ ಎರಡನ್ನೂ ಒಟ್ಟಿಗೆ ದಾಖಲಿಸಿ, ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕೆಳಗಿನ ಕಲ್ಲಿನ ರೋಧಕತೆಯ (ವಾಹಕತೆಯ ವಿಲೋಮ, ಓಮ್-ಮೀಟರಿನಲ್ಲಿ ಅಳೆಯುವಂಥದ್ದು) ಅಂದಾಜು ಸಿಗುತ್ತದೆ. ಭಾಗಿಸುವುದರಿಂದಾಗಿ ಮೂಲ ಸಂಕೇತ ಎಷ್ಟು ಪ್ರಬಲವಾಗಿತ್ತು ಎಂಬುದು ಲೆಕ್ಕದಿಂದ ಹೊರಬೀಳುತ್ತದೆ. ಇಡೀ ವಿಧಾನದ ಚೆಲುವು ಈ ಒಂದು ಭಾಗಾಕಾರದಲ್ಲಿದೆ ಎಂದು ನನ್ನ ಅಭಿಪ್ರಾಯ.

ಆಳದ ಮಾಹಿತಿ ಬರುವುದು ಏರಿಳಿತದ ಅವಧಿಯಿಂದ. ನೆಲದೊಳಗೆ ಈ ಕ್ಷೇತ್ರಗಳು ಬೆಳಕಿನಂತೆ ಅಲೆಯಾಗಿ ಸಾಗುವುದಿಲ್ಲ, ಶಾಖದಂತೆ ಹರಡಿಕೊಂಡು ಇಳಿಯುತ್ತವೆ. ಹಗಲಿನ ಬಿಸಿಲಿನ ಕಾವು ಮಣ್ಣಿನಲ್ಲಿ ಕೆಲವು ಗೇಣುಗಳಷ್ಟೇ ಇಳಿದು ಸಾಯುತ್ತದೆ, ಆದರೆ ಬೇಸಿಗೆ–ಚಳಿಗಾಲದ ವಾರ್ಷಿಕ ಏರಿಳಿತ ಹಲವು ಮೀಟರ್ ಆಳಕ್ಕೆ ಮುಟ್ಟುತ್ತದೆ. ಇಲ್ಲಿಯೂ ಅದೇ ಗಣಿತ. ಕ್ಷೇತ್ರವು ಮೇಲ್ಮೈಯಲ್ಲಿದ್ದುದರ ಸುಮಾರು 37 ಪ್ರತಿಶತಕ್ಕೆ ಇಳಿಯುವ ಆಳವನ್ನು ಮೀಟರುಗಳಲ್ಲಿ ಪಡೆಯಲು, ರೋಧಕತೆಯನ್ನು ಅವಧಿಯಿಂದ ಗುಣಿಸಿ, ವರ್ಗಮೂಲ ತೆಗೆದು, 503ರಿಂದ ಗುಣಿಸಬೇಕು. ಕಲ್ಲಿನ ರೋಧಕತೆ 100 ಓಮ್-ಮೀಟರ್ ಎಂದಿಟ್ಟುಕೊಂಡರೆ, 1 ಸೆಕೆಂಡಿನ ಏರಿಳಿತ ಸುಮಾರು 5 ಕಿ.ಮೀ. ಇಳಿಯುತ್ತದೆ, 10,000 ಸೆಕೆಂಡಿನದು, ಅಂದರೆ ಮೂರು ಗಂಟೆಗೆ ತುಸು ಕಡಿಮೆ ಅವಧಿಯದು, ಸುಮಾರು 500 ಕಿ.ಮೀ. ಇಳಿಯುತ್ತದೆ. ನೀವು ಕೇಳಿದ ವಲಯ ನಮ್ಮ ಕೈಗೆ ಎಟಕುವುದು ಹೀಗೆ.

ಕಂಪನರೇಖೆ:

ನಾನು ಭೂಕಂಪನ ಅಲೆಗಳ ಕಡೆಯವನು, ಆದ್ದರಿಂದ ನನ್ನ ಸಂಶಯವನ್ನು ಮುಚ್ಚಿಡುವುದಿಲ್ಲ. ಓಮ್‌ಮೀಟರ್ ಅವರು ಶಾಖದ ಹೋಲಿಕೆ ಕೊಟ್ಟಾಗಲೇ ವಿಧಾನದ ದೌರ್ಬಲ್ಯವನ್ನೂ ಹೇಳಿಬಿಟ್ಟಿದ್ದಾರೆ. ಹರಡಿಕೊಂಡು ಇಳಿಯುವ ಸಂಕೇತಕ್ಕೆ ಚೂಪಾದ ಅಂಚು ಇರುವುದಿಲ್ಲ. 410 ಕಿ.ಮೀ.ನಲ್ಲಿ ಖನಿಜದ ರಚನೆ ಬದಲಾಗುವ ಗಡಿ ಇದೆಯೆಂದು ನಾವು ಹೇಳುವುದು, ಅಲ್ಲಿಂದ ಪ್ರತಿಫಲಿಸಿದ ಮತ್ತು ರೂಪಾಂತರಗೊಂಡ ಅಲೆಗಳನ್ನು ಗುರುತಿಸಿ. ನಿಮ್ಮ ದತ್ತಾಂಶದಲ್ಲಿ ಅಂಥ ಗಡಿ ತಾನಾಗಿ ಕಾಣುತ್ತದೆಯೇ, ಅಥವಾ ನಮ್ಮಿಂದ ಎರವಲು ಪಡೆದು ಮಾದರಿಯೊಳಗೆ ಕೂರಿಸುತ್ತೀರಾ?

ಓಮ್‌ಮೀಟರ್:

ಹೆಚ್ಚಿನ ಸಂದರ್ಭಗಳಲ್ಲಿ ಎರವಲೇ. ಅದನ್ನು ಒಪ್ಪಿಕೊಳ್ಳಲು ಸಂಕೋಚವಿಲ್ಲ, ಏಕೆಂದರೆ ನಮ್ಮ ದತ್ತಾಂಶದ ಬಲ ಬೇರೆಡೆ ಇದೆ.

ನಿಮ್ಮ ಅಲೆಯ ವೇಗ ಒಣಕಲ್ಲಿನಿಂದ ಒಂದಿಷ್ಟು ಕರಗಿದ ಕಲ್ಲಿಗೆ ಬದಲಾಗುವುದು ಕೆಲವು ಪ್ರತಿಶತದಿಂದ, ಹೆಚ್ಚೆಂದರೆ ಕೆಲವು ಹತ್ತು ಪ್ರತಿಶತದಿಂದ. ರೋಧಕತೆಯ ಕಥೆ ಹಾಗಲ್ಲ. ಬಿರುಕಿಲ್ಲದ ಒಣ ಗ್ರಾನೈಟಿನಲ್ಲಿ ಅದು 10,000 ಓಮ್-ಮೀಟರ್ ದಾಟುತ್ತದೆ, ಸಮುದ್ರದ ನೀರಿನಲ್ಲಿ 0.3ರ ಆಸುಪಾಸಿನಲ್ಲಿದೆ, ಕರಗಿದ ಬಸಾಲ್ಟಿನಲ್ಲಿ 1 ಓಮ್-ಮೀಟರಿನ ಆಚೀಚೆ. ಹೆಚ್ಚುಕಡಿಮೆ ಐದು ದಶಮಾನ ಘಾತಗಳ ಹರವು ಇರುವ ಗುಣ ಇದು. ಬಂಡೆಯಲ್ಲಿ ಒಂದೆರಡು ಪ್ರತಿಶತ ದ್ರವವಿದ್ದರೂ, ಅದು ಒಂದಕ್ಕೊಂದು ಕೂಡಿಕೊಂಡ ಜಾಲವಾಗಿದ್ದರೆ, ಇಡೀ ಬಂಡೆಯ ರೋಧಕತೆ ನೂರು ಪಟ್ಟು ಕುಸಿಯಬಲ್ಲದು. ಅಲ್ಪ ಪ್ರಮಾಣದ, ಆದರೆ ಕೂಡಿಕೊಂಡಿರುವ ವಸ್ತುವನ್ನು ಹಿಡಿಯುವುದರಲ್ಲಿ ಎಂಟಿಯನ್ನು ಮೀರಿಸುವ ವಿಧಾನ ನನಗೆ ತಿಳಿದಂತೆ ಇಲ್ಲ.

ಆದರೆ ನಾವು ಹಿಡಿಯುವುದು ನಿಖರವಾಗಿ ಏನನ್ನು ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಆಳದಲ್ಲಿ ವಾಹಕ ಪದರವೊಂದಿದ್ದರೆ ಅದರ ಮೇಲ್ಭಾಗ ಎಷ್ಟು ಆಳದಲ್ಲಿದೆ ಎಂಬುದು ಸಾಕಷ್ಟು ಚೆನ್ನಾಗಿ ತಿಳಿಯುತ್ತದೆ. ಪದರದ ದಪ್ಪವನ್ನು ವಾಹಕತೆಯಿಂದ ಗುಣಿಸಿದರೆ ಬರುವ ಗುಣಲಬ್ಧವೂ (ಇದರ ಮಾನ ಸೀಮೆನ್ಸ್) ತಿಳಿಯುತ್ತದೆ. ದಪ್ಪ ಬೇರೆ, ವಾಹಕತೆ ಬೇರೆ ಎಂದು ಬಿಡಿಸಿ ಹೇಳುವುದು ಬಹುತೇಕ ಆಗುವುದಿಲ್ಲ. 1 ಓಮ್-ಮೀಟರಿನ 1 ಕಿ.ಮೀ. ದಪ್ಪದ ಪದರವೂ 10 ಓಮ್-ಮೀಟರಿನ 10 ಕಿ.ಮೀ. ದಪ್ಪದ ಪದರವೂ ಮೇಲಿನಿಂದ ನೋಡುವವರಿಗೆ 1000 ಸೀಮೆನ್ಸ್‌ನ ಒಂದೇ ವಸ್ತು. ಮೊದಲನೆಯದನ್ನು ಶುದ್ಧ ಶಿಲಾಪಾಕವೆಂದೂ ಎರಡನೆಯದನ್ನು ಒಂದಿಷ್ಟು ಕರಗಿದ ಬಂಡೆಯೆಂದೂ ಓದಬಹುದು. ವಾಹಕ ಪದರದ ಕೆಳಗೆ ಏನಿದೆ ಎಂಬುದಂತೂ ಇನ್ನಷ್ಟು ಮಸುಕು, ಏಕೆಂದರೆ ಸಂಕೇತದ ಬಹುಪಾಲು ಆ ಪದರದಲ್ಲೇ ಸೋರಿಹೋಗಿರುತ್ತದೆ. ವರದಿಗಳಲ್ಲಿ ಬಣ್ಣ ಬಳಿದ ಲಂಬಚ್ಛೇದದ ಚಿತ್ರಗಳನ್ನು ನೋಡುವವರು, ಕೆಂಪು ಮಚ್ಚೆಯ ತಳದ ಅಂಚನ್ನು ಅದರ ನೆತ್ತಿಯಷ್ಟೇ ನಂಬುತ್ತಾರೆ. ಇದು ಬಹಳ ಸಾಮಾನ್ಯವಾದ ತಪ್ಪು.

ನೀಲಿಕಲ್ಲು:

ನಾನು ಭೂಭೌತಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಪುಸ್ತಕದಲ್ಲಿ ಸಮೀಕರಣಗಳು ಸಿಗುತ್ತವೆ, ಆದರೆ ಬಯಲಿನಲ್ಲಿ ಅಳತೆ ಹೇಗೆ ನಡೆಯುತ್ತದೆ ಮತ್ತು ಅಲ್ಲಿ ದೋಷಗಳು ಎಲ್ಲಿಂದ ನುಸುಳುತ್ತವೆ ಎಂಬುದು ಸರಿಯಾಗಿ ಸಿಗುವುದಿಲ್ಲ. 410 ಕಿ.ಮೀ. ಆಳದ ಮಾತಾಡುವ ಮುನ್ನ ಮೇಲಿನ 1 ಮೀಟರಿನಲ್ಲಿ ಏನಾಗುತ್ತದೆ ಎಂಬುದನ್ನು ದಯವಿಟ್ಟು ಹೇಳುತ್ತೀರಾ ಸರ್?

ಓಮ್‌ಮೀಟರ್:

ನೀಲಿಕಲ್ಲು ಅವರೇ, ಒಳ್ಳೆಯ ಕಡೆ ಕೈಯಿಟ್ಟಿದ್ದೀರಿ.

ಒಂದು ಠಾಣೆಯಲ್ಲಿ ಉತ್ತರ–ದಕ್ಷಿಣ ಮತ್ತು ಪೂರ್ವ–ಪಶ್ಚಿಮ ದಿಕ್ಕಿನಲ್ಲಿ ಎರಡು ಜೊತೆ ವಿದ್ಯುದ್ವಾರಗಳನ್ನು ಹೂಳುತ್ತೇವೆ. ಜೊತೆಯ ನಡುವಿನ ಅಂತರ ಸಾಮಾನ್ಯವಾಗಿ 50ರಿಂದ 100 ಮೀಟರ್. ಬರಿಯ ಲೋಹದ ಸರಳನ್ನು ಹೂತರೆ ಮಣ್ಣಿನ ತೇವದೊಂದಿಗೆ ಅದು ತಾನೇ ಒಂದು ವಿದ್ಯುತ್ ಕೋಶವಾಗಿಬಿಡುತ್ತದೆ. ಆದ್ದರಿಂದ ಸೀಸ ಮತ್ತು ಸೀಸದ ಕ್ಲೋರೈಡ್ ತುಂಬಿದ, ಧ್ರುವೀಕರಣಗೊಳ್ಳದ ವಿದ್ಯುದ್ವಾರಗಳನ್ನು ಬೆಂಟೊನೈಟ್ ಜೇಡಿಯ ಕೆಸರಿನಲ್ಲಿ ಕೂರಿಸುತ್ತೇವೆ. ಕಾಂತಕ್ಷೇತ್ರಕ್ಕೆ, ವೇಗವಾದ ಏರಿಳಿತಗಳಾದರೆ ಇಂಡಕ್ಷನ್ ಸುರುಳಿಗಳು, ನಿಧಾನವಾದವಕ್ಕೆ ಫ್ಲಕ್ಸ್‌ಗೇಟ್ ಮ್ಯಾಗ್ನೆಟೋಮೀಟರ್. ಸುರುಳಿಯನ್ನೂ ತಂತಿಯನ್ನೂ ಮಣ್ಣಿನಲ್ಲಿ ಹೂಳಲೇಬೇಕು, ಏಕೆಂದರೆ ಗಾಳಿಗೆ ಅವು ಕದಲಿದರೆ ಭೂಮಿಯ ಸ್ಥಿರ ಕಾಂತಕ್ಷೇತ್ರದಲ್ಲಿ ಕದಲಿದ್ದೇ ಒಂದು ಸಂಕೇತವಾಗಿ ದಾಖಲಾಗುತ್ತದೆ. ತಂತಿ ಕಡಿಯುವ ಇಲಿ, ಮೊಲಗಳ ಬಗ್ಗೆ ಯಾವ ಪಠ್ಯಪುಸ್ತಕವೂ ಸಾಕಷ್ಟು ಬರೆದಿಲ್ಲ.

ಭೂಕವಚದ ಆಳಕ್ಕಾದರೆ ಒಂದೆರಡು ದಿನಗಳ ದಾಖಲೆ ಸಾಕು. ಮೇಲಿನ ಮ್ಯಾಂಟಲ್‌ಗೆ ವಾರಗಟ್ಟಲೆ ಬೇಕು. ಮೂರು ಗಂಟೆಯ ಏರಿಳಿತವನ್ನು ನಂಬುವಂತೆ ಅಂದಾಜಿಸಲು ಅಂಥ ಹಲವು ಹತ್ತು ಸುತ್ತುಗಳಾದರೂ ದಾಖಲಾಗಬೇಕಷ್ಟೆ. 1 ಹರ್ಟ್ಜ್‌ನ ಆಸುಪಾಸಿನಲ್ಲಿ ಮಿಂಚಿನ ಸಂಕೇತವೂ ಕ್ಷೀಣ, ಕಾಂತಗೋಳದ್ದೂ ಕ್ಷೀಣ. ಆ ಪಟ್ಟಿಯನ್ನು ನಾವು ಸತ್ತ ಪಟ್ಟಿ ಎನ್ನುತ್ತೇವೆ, ಅಲ್ಲಿ ದತ್ತಾಂಶ ಯಾವಾಗಲೂ ಚಿಂದಿ ಚಿಂದಿ.

ದೋಷಗಳಲ್ಲಿ ಮೊದಲನೆಯದು ಮನುಷ್ಯನ ಗದ್ದಲ. ವಿದ್ಯುತ್ ತಂತಿಯ 50 ಅಥವಾ 60 ಹರ್ಟ್ಜ್ ಸದ್ದನ್ನು ಗುರುತಿಸಿ ತೆಗೆಯುವುದು ಸುಲಭ. ನೇರ ಪ್ರವಾಹದಿಂದ ಓಡುವ ರೈಲುಮಾರ್ಗ ಇದ್ದರೆ ಮಾತ್ರ ಹತ್ತಾರು ಕಿಲೋಮೀಟರ್ ದೂರದವರೆಗೂ ಅದರ ಪ್ರವಾಹ ನೆಲದೊಳಗೆ ಹರಿದು ದತ್ತಾಂಶವನ್ನು ಕೆಡಿಸುತ್ತದೆ. ಕಾಂತಕ್ಷೇತ್ರದ ದಾಖಲೆಯಲ್ಲಿ ಗದ್ದಲ ಸೇರಿದರೆ, ಭಾಗಾಕಾರದಲ್ಲಿ ಛೇದವು ಉಬ್ಬಿ ರೋಧಕತೆ ಇರುವುದಕ್ಕಿಂತ ಕಡಿಮೆಯೆಂದು ತೋರುತ್ತದೆ. ಅಂದರೆ ಸುಳ್ಳು ವಾಹಕವೊಂದು ಹುಟ್ಟಿಕೊಳ್ಳುತ್ತದೆ. ಇದಕ್ಕೆ ಪರಿಹಾರವನ್ನು 1979ರಲ್ಲಿ ಗ್ಯಾಂಬಲ್, ಗೌಬೌ ಮತ್ತು ಕ್ಲಾರ್ಕ್ ಸೂಚಿಸಿದರು: ಗದ್ದಲವಿಲ್ಲದ ದೂರದ ಜಾಗದಲ್ಲಿ ಇನ್ನೊಂದು ಉಪಕರಣವನ್ನಿಟ್ಟು, ಎರಡೂ ಕಡೆ ಏಕಕಾಲದಲ್ಲಿ ದಾಖಲಾದದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದು. ನಿಸರ್ಗದ ಸಂಕೇತ ಎರಡೂ ಕಡೆ ಒಂದೇ. ರೈಲಿನದು ಒಂದೇ ಕಡೆ. ಜಿಪಿಎಸ್ ಗಡಿಯಾರ ಬಂದ ಮೇಲೆ ಈ ತಾಳೆ ಹಾಕುವ ಕೆಲಸ ಬಹಳ ಸಲೀಸಾಯಿತು.

ಎರಡನೆಯ ದೋಷವೇ ನೀವು ಕೇಳಿದ ಮೇಲಿನ ಮೀಟರುಗಳದ್ದು. ಠಾಣೆಯ ಅಡಿಯಲ್ಲೇ ಒಂದು ಸಣ್ಣ ಜೇಡಿಮಣ್ಣಿನ ಗುಂಡಿಯೋ ಗಟ್ಟಿ ಬಂಡೆಯೋ ಇದ್ದರೆ, ಅದರ ಅಂಚಿನಲ್ಲಿ ವಿದ್ಯುದಾವೇಶ ಸಂಚಯವಾಗಿ ವಿದ್ಯುತ್ ಕ್ಷೇತ್ರವನ್ನು ಹಿಗ್ಗಿಸುತ್ತದೆ ಇಲ್ಲವೇ ಕುಗ್ಗಿಸುತ್ತದೆ. ಪರಿಣಾಮವಾಗಿ ರೋಧಕತೆಯ ಇಡೀ ರೇಖೆ, 500 ಕಿ.ಮೀ. ಆಳವನ್ನು ಹೇಳುವ ಭಾಗವೂ ಸೇರಿದಂತೆ, ಒಂದೇ ಪ್ರಮಾಣದಲ್ಲಿ ಮೇಲಕ್ಕೋ ಕೆಳಕ್ಕೋ ಜರುಗಿಬಿಡುತ್ತದೆ. ಪುಣ್ಯಕ್ಕೆ ಎರಡು ಕ್ಷೇತ್ರಗಳ ನಡುವಿನ ಪ್ರಾವಸ್ಥೆಯ ಅಂತರವನ್ನು, ಅಂದರೆ ಒಂದರ ಏರಿಳಿತ ಇನ್ನೊಂದಕ್ಕಿಂತ ಎಷ್ಟು ಹಿಂದುಮುಂದಾಗಿದೆ ಎಂಬುದನ್ನು, ಈ ಜರುಗು ಮುಟ್ಟುವುದಿಲ್ಲ. ಏಕರೂಪದ ನೆಲವಾದರೆ ಆ ಅಂತರ 45 ಡಿಗ್ರಿ. ಆಳಕ್ಕೆ ಹೋದಂತೆ ವಾಹಕತೆ ಹೆಚ್ಚಿದರೆ 45ನ್ನು ಮೀರುತ್ತದೆ. ಪ್ರಾವಸ್ಥೆ ಸುಳ್ಳು ಹೇಳುವುದು ಕಡಿಮೆ ಎಂಬ ಕಾರಣಕ್ಕೇ ಕಾಲ್ಡ್‌ವೆಲ್, ಬಿಬ್ಬಿ ಮತ್ತು ಬ್ರೌನ್ 2004ರಲ್ಲಿ ಪ್ರಕಟಿಸಿದ ಪ್ರಾವಸ್ಥಾ ಟೆನ್ಸರ್ ಎಂಬ ಸಾಧನ ಇಂದು ಎಲ್ಲರ ಕೈಯಲ್ಲಿದೆ. ಪ್ರತಿ ಠಾಣೆಯಲ್ಲೂ ಮೊದಲು ಪ್ರಾವಸ್ಥೆಯ ರೇಖೆಯನ್ನು ನೋಡಿ. ರೋಧಕತೆಯ ರೇಖೆಗೆ ಆಮೇಲೆ ಬನ್ನಿ.

ಜಿಜ್ಞಾಸು:

ಇಷ್ಟು ವಿವರಕ್ಕೆ ಕೃತಜ್ಞತೆಗಳು. ಅಳತೆ ನಡೆಯುವ ಬಗೆ ಅರ್ಥವಾಯಿತು. ಹಾಗಾದರೆ, ಆಳದಲ್ಲಿ ವಾಹಕತೆ ಹೆಚ್ಚಿದೆ ಎಂಬುದು ಗಟ್ಟಿಯಾಗಿ ಸಿಕ್ಕ ಮೇಲೆ, ಅದರ ಕಾರಣ ನೀರೋ, ಕರಗಿದ ಕಲ್ಲೋ, ಮತ್ತೊಂದೋ ಎಂದು ತೀರ್ಮಾನಿಸುವುದು ಯಾವ ಆಧಾರದ ಮೇಲೆ?

ಆಲಿವೀನ್:

ಖನಿಜಗಳನ್ನು ಕಾಯಿಸುವ ಕಡೆಯಿಂದ ನಾನು ಬರೆಯುತ್ತೇನೆ. ಭೂಕವಚದಿಂದಲೇ ಶುರುಮಾಡೋಣ, ಏಕೆಂದರೆ ಅಲ್ಲಿ ಒಮ್ಮೆಯಾದರೂ ಕೊರೆದು ನೋಡಿದ ಉದಾಹರಣೆ ಇದೆ.

ಭೂಕವಚದ ನಡು ಮತ್ತು ಕೆಳಭಾಗದಲ್ಲಿ ವಾಹಕ ವಲಯಗಳು ಅನೇಕ ಖಂಡಗಳಲ್ಲಿ ಕಂಡಿವೆ. ಅವು ಉಪ್ಪುನೀರಿನಿಂದ ಆದವೋ ಗ್ರಾಫೈಟಿನಿಂದ ಆದವೋ ಎಂಬ ವಾದ ದಶಕಗಳ ಕಾಲ ನಡೆಯಿತು. ಜರ್ಮನಿಯ ಬವೇರಿಯಾದಲ್ಲಿ 1994ರಲ್ಲಿ 9101 ಮೀಟರಿಗೆ ನಿಂತ ಕೆಟಿಬಿ ಆಳಕೊರೆತದಲ್ಲಿ ಎರಡೂ ಸಿಕ್ಕವು. ಜಾರು ವಲಯಗಳ ಉದ್ದಕ್ಕೂ ಗ್ರಾಫೈಟಿನ ತೆಳುಪೊರೆಗಳಿದ್ದವು. ಬಿರುಕುಗಳಲ್ಲಿ ಉಪ್ಪು ದ್ರವವೂ ಇತ್ತು. ಗ್ರಾಫೈಟ್ ಎಷ್ಟು ಒಳ್ಳೆಯ ವಾಹಕವೆಂದರೆ, ಅದರ ಪೊರೆಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ನೂರರಲ್ಲಿ ಒಂದು ಭಾಗಕ್ಕಿಂತ ಕಡಿಮೆ ಇದ್ದರೂ ಸಾಕು. ಆದ್ದರಿಂದ ಹಳೆಯ, ತಣ್ಣಗಿನ, ಸ್ಥಿರವಾದ ಭೂಖಂಡದ ಅಡಿಯಲ್ಲಿ ವಾಹಕ ಕಂಡರೆ ನಾನು ಮೊದಲು ಗ್ರಾಫೈಟನ್ನೋ ಲೋಹದ ಸಲ್ಫೈಡುಗಳನ್ನೋ ಅನುಮಾನಿಸುತ್ತೇನೆ. ಬಿಸಿಯಾದ, ಸಕ್ರಿಯ ಪ್ರದೇಶದಲ್ಲಾದರೆ ದ್ರವವನ್ನು. ಟಿಬೆಟಿನ ಭೂಕವಚದ ನಡುಭಾಗದಲ್ಲಿ ಸಾವಿರಾರು ಸೀಮೆನ್ಸ್‌ನ ವಾಹಕ ಪದರ ವ್ಯಾಪಕವಾಗಿದೆ ಎಂದು 2001ರಲ್ಲಿ ಪ್ರಕಟವಾದಾಗ, ಅದನ್ನು ಭಾಗಶಃ ಕರಗಿದ ಕಲ್ಲು ಮತ್ತು ಉಪ್ಪುದ್ರವ ಎಂದು ಓದಿದ್ದು ಇದೇ ತರ್ಕದಿಂದ; ಅಲ್ಲಿ ಶಾಖದ ಹರಿವು, ಭೂಕಂಪನ ಅಲೆಗಳು ನಿಧಾನವಾಗುವುದು ಎರಡೂ ಅದಕ್ಕೆ ಹೊಂದಿಕೊಳ್ಳುತ್ತವೆ. ಎಂಟಿ ಒಂದೇ ಇದ್ದಿದ್ದರೆ ಆ ತೀರ್ಮಾನ ನಿಲ್ಲುತ್ತಿರಲಿಲ್ಲ.

ಮ್ಯಾಂಟಲ್‌ಗೆ ಬಂದರೆ ಕೊರೆದು ನೋಡುವ ದಾರಿಯೇ ಇಲ್ಲ. ಅಲ್ಲಿ ನೀರು ಎಂದರೆ ಹರಿಯುವ ನೀರಲ್ಲ. ಖನಿಜದ ಹರಳಿನೊಳಗೆ ದೋಷವಾಗಿ ಸೇರಿಕೊಂಡ ಹೈಡ್ರೋಜನ್. ಜನಪ್ರಿಯ ಬರಹಗಳ ಸಾಗರ ಎಂಬ ಪದ ಇಲ್ಲಿ ಓದುಗರ ದಾರಿ ತಪ್ಪಿಸುತ್ತದೆ. ಹೈಡ್ರೋಜನ್ನಿನ ಪ್ರೋಟಾನುಗಳು ಹರಳಿನಲ್ಲಿ ಸುಲಭವಾಗಿ ಚಲಿಸುವುದರಿಂದ ಮ್ಯಾಂಟಲ್‌ನ ವಾಹಕತೆ ಹೆಚ್ಚಬಹುದು ಎಂಬ ಸೂಚನೆಯನ್ನು 1990ರಲ್ಲಿ ಕರಾಟೊ ಮುಂದಿಟ್ಟರು. ಅದನ್ನು ಒರೆಗೆ ಹಚ್ಚಬೇಕಾದರೆ, ಎಷ್ಟು ಹೈಡ್ರೋಜನ್ ಇದ್ದರೆ ಎಷ್ಟು ವಾಹಕತೆ ಎಂದು ಪ್ರಯೋಗಾಲಯದಲ್ಲಿ ಅಳೆಯಬೇಕು. ಕಷ್ಟ ಶುರುವಾಗುವುದು ಇಲ್ಲಿಯೇ. ಅಳೆಯುವ ಖನಿಜದ ತುಣುಕು ಕೆಲವು ಮಿಲಿಮೀಟರ್ ಗಾತ್ರದ್ದು. ಅದನ್ನು ಹತ್ತಾರು ಗಿಗಾಪಾಸ್ಕಲ್ ಒತ್ತಡದಲ್ಲಿ ಹಿಡಿದು ಕಾಯಿಸಬೇಕು. ಬಿಸಿ ಏರುತ್ತಿದ್ದಂತೆ ಹೈಡ್ರೋಜನ್ ಆ ತುಣುಕಿನಿಂದ ತಪ್ಪಿಸಿಕೊಳ್ಳಲು ನೋಡುತ್ತದೆ. ಆದ್ದರಿಂದ ಕೆಲವರು ಕಡಿಮೆ ತಾಪದಲ್ಲಿ ಅಳೆದು ಹೆಚ್ಚಿನ ತಾಪಕ್ಕೆ ಲೆಕ್ಕ ಹಿಗ್ಗಿಸುತ್ತಾರೆ, ಮತ್ತೆ ಕೆಲವರು ಹೆಚ್ಚಿನ ತಾಪದಲ್ಲೇ ಅಳೆದು ಹೈಡ್ರೋಜನ್ ಉಳಿದಿದೆಯೇ ಎಂದು ಪರೀಕ್ಷಿಸುತ್ತಾರೆ.

ಇದರ ಫಲ ಏನಾಯಿತೆಂದು ನೋಡಿ. ಸಂಕ್ರಮಣ ವಲಯದ, ಅಂದರೆ ನೀವು ಕೇಳಿದ 410ರಿಂದ 660 ಕಿ.ಮೀ. ವಲಯದ, ಎರಡು ಮುಖ್ಯ ಖನಿಜಗಳಾದ ವಾಡ್ಸ್‌ಲೀಯೈಟ್ ಮತ್ತು ರಿಂಗ್‌ವುಡೈಟ್‌ಗಳ ವಾಹಕತೆಯನ್ನು ಅಳೆದ ಹುವಾಂಗ್, ಶು ಮತ್ತು ಕರಾಟೊ, ಅಲ್ಲಿ ತೂಕದಲ್ಲಿ 0.1ರಿಂದ 0.2 ಪ್ರತಿಶತದಷ್ಟು ನೀರು ಇರಬಹುದೆಂದು 2005ರಲ್ಲಿ ತೀರ್ಮಾನಿಸಿದರು. ಅವೇ ಖನಿಜಗಳನ್ನು ಅಳೆದ ಯೋಶಿನೊ ಮತ್ತು ಸಂಗಡಿಗರು, ಬಯಲಿನಲ್ಲಿ ಕಂಡ ವಾಹಕತೆಯನ್ನು ವಿವರಿಸಲು ನೀರೇ ಬೇಕಿಲ್ಲ, ಆ ವಲಯ ಒಣಗಿದ್ದರೂ ಸಾಲುತ್ತದೆ ಎಂದು 2008ರಲ್ಲಿ ಬರೆದರು. ಆಲಿವೀನ್ ಖನಿಜದ ವಿಷಯದಲ್ಲಿಯೂ 2006ರಲ್ಲಿ ಇದೇ ಎರಡು ಬಣಗಳಿಂದ ಇದೇ ಬಗೆಯ ವಿರುದ್ಧ ತೀರ್ಮಾನಗಳು ಬಂದಿದ್ದವು. ಬಯಲಿನ ಅಳತೆ ಎರಡು ಕಡೆಯವರಿಗೂ ಹೆಚ್ಚುಕಡಿಮೆ ಒಂದೇ. ಜಗಳ ಇರುವುದು ಅದನ್ನು ನೀರಿಗೆ ಪರಿವರ್ತಿಸುವ ಕೋಷ್ಟಕದಲ್ಲಿ.

ಕಂಪನರೇಖೆ:

ಆದರೆ ನೀರು ಇದೆ ಎಂಬುದಕ್ಕೆ ನೇರ ಸಾಕ್ಷಿಯೇ ಸಿಕ್ಕಿದೆಯಲ್ಲ ಮೇಡಂ? ಬ್ರೆಜಿಲ್‌ನ ಜುಯಿನಾ ಪ್ರದೇಶದ ವಜ್ರವೊಂದರೊಳಗೆ ರಿಂಗ್‌ವುಡೈಟ್ ಕಣ ಸಿಕ್ಕಿತೆಂದೂ ಅದರಲ್ಲಿ ತೂಕದ ಒಂದೂವರೆ ಪ್ರತಿಶತದಷ್ಟು ನೀರಿತ್ತೆಂದೂ 2014ರಲ್ಲಿ ಪ್ರಕಟವಾಯಿತು. ಅದೇ ವರ್ಷ ಉತ್ತರ ಅಮೆರಿಕದ ಅಡಿಯಲ್ಲಿ, 660 ಕಿ.ಮೀ. ಗಡಿಯ ಕೆಳಗೆ, ನೀರು ಬಿಟ್ಟುಕೊಟ್ಟ ಕಲ್ಲು ಕರಗುತ್ತಿರುವ ಸೂಚನೆಗಳನ್ನು ಭೂಕಂಪನ ಅಲೆಗಳಲ್ಲಿ ಗುರುತಿಸಲಾಯಿತು.

ಆಲಿವೀನ್:

ಆ ಕಣ ಅಮೂಲ್ಯವಾದದ್ದು, ಸಂದೇಹವಿಲ್ಲ. ಆ ವಲಯದ ಖನಿಜ ಅಷ್ಟು ನೀರನ್ನು ನಿಸರ್ಗದಲ್ಲಿಯೂ ಹಿಡಿದಿಡಬಲ್ಲದು ಎಂಬುದನ್ನು ಅದು ಸಾಬೀತುಮಾಡಿತು. ಆದರೆ ವಜ್ರಗಳು ಹುಟ್ಟುವುದೇ ದ್ರವಗಳ ಸಹವಾಸದಲ್ಲಿ. ದ್ರವವಿದ್ದ ಜಾಗದಿಂದ ಬಂದ ಒಂದು ಕಣವನ್ನು ಹಿಡಿದು ಇಡೀ ವಲಯದ ಸರಾಸರಿಯನ್ನು ಹೇಳಲಾಗದು. ಸರಾಸರಿ ಹೇಳಬಲ್ಲ ವಿಧಾನಗಳೆಂದರೆ ನಿಮ್ಮದು ಮತ್ತು ಓಮ್‌ಮೀಟರ್ ಅವರದು. ಕೆಲ್ಬರ್ಟ್, ಶುಲ್ಟ್ಜ್ ಮತ್ತು ಎಗ್ಬರ್ಟ್ 2009ರಲ್ಲಿ ಜಗತ್ತಿನ ಕಾಂತೀಯ ವೀಕ್ಷಣಾಲಯಗಳ ದತ್ತಾಂಶದಿಂದ ಮೂರು ಆಯಾಮದ ಮಾದರಿ ಕಟ್ಟಿ, ಸಂಕ್ರಮಣ ವಲಯದ ವಾಹಕತೆ ಎಲ್ಲೆಡೆ ಒಂದೇ ಅಲ್ಲವೆಂದು ತೋರಿಸಿದ್ದು ನನಗೆ ಒಂದು ಮಟ್ಟಿಗೆ ಹೆಚ್ಚು ಉಪಯುಕ್ತವೆನಿಸುತ್ತದೆ. ಪರಿವರ್ತನೆಯ ಕೋಷ್ಟಕ ಯಾರದೇ ಇರಲಿ, ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಎಂಬ ಹೋಲಿಕೆ ಅಷ್ಟು ಸುಲಭವಾಗಿ ಬಿದ್ದುಹೋಗುವುದಿಲ್ಲ. ಆದರೂ ತಾಪಮಾನದ ವ್ಯತ್ಯಾಸವನ್ನು ಮೊದಲು ಕಳೆಯಬೇಕು, ಏಕೆಂದರೆ ವಾಹಕತೆ ತಾಪದೊಂದಿಗೆ ಘಾತೀಯವಾಗಿ ಏರುತ್ತದೆ. ಆ ತಾಪದ ಅಂದಾಜು ಬರಬೇಕಾದದ್ದು ಕಂಪನರೇಖೆ ಅವರ ಕಡೆಯಿಂದಲೇ.

ನೀಲಿಕಲ್ಲು:

ವೀಕ್ಷಣಾಲಯಗಳ ದತ್ತಾಂಶದಲ್ಲಿ ವಿದ್ಯುತ್ ಕ್ಷೇತ್ರದ ಅಳತೆ ಇರುವುದಿಲ್ಲವಲ್ಲ. ಬರಿಯ ಕಾಂತಕ್ಷೇತ್ರದಿಂದ ವಾಹಕತೆಯನ್ನು ಹೇಗೆ ತೆಗೆಯುತ್ತಾರೆ?

ಓಮ್‌ಮೀಟರ್:

ಇದು ಎಂಟಿಗಿಂತ ಹಳೆಯ ವಿದ್ಯೆ. 1889ರಲ್ಲಿ ಶುಸ್ಟರ್ ಭೂಕಾಂತಕ್ಷೇತ್ರದ ದೈನಂದಿನ ಏರಿಳಿತವನ್ನು ವಿಶ್ಲೇಷಿಸಿ, ಅದರ ಹೆಚ್ಚಿನ ಪಾಲು ಭೂಮಿಯ ಹೊರಗಿನಿಂದ ಬರುತ್ತದೆ, ಉಳಿದದ್ದು ಅದಕ್ಕೆ ಪ್ರತಿಯಾಗಿ ಭೂಮಿಯೊಳಗೆ ಪ್ರೇರಿತವಾದ ಪ್ರವಾಹಗಳಿಂದ ಎಂದು ಬೇರ್ಪಡಿಸಿದರು. ಒಳಗಿನ ಪಾಲು ಮತ್ತು ಹೊರಗಿನ ಪಾಲುಗಳ ಅನುಪಾತವೇ ವಾಹಕತೆಯ ಸುಳಿವು. 1939ರಲ್ಲಿ ಲಾಹಿರಿ ಮತ್ತು ಪ್ರೈಸ್, ಸೂರ್ಯನ ಚಟುವಟಿಕೆಯಿಂದ ಭೂಕಾಂತಕ್ಷೇತ್ರ ಕಲಕಿಹೋಗುವ ಕಾಂತೀಯ ಬಿರುಗಾಳಿಗಳ ದತ್ತಾಂಶವನ್ನೂ ಸೇರಿಸಿ, ಕೆಲವು ನೂರು ಕಿಲೋಮೀಟರ್ ಆಳದಲ್ಲಿ ವಾಹಕತೆ ಕಡಿದಾಗಿ ಏರಬೇಕೆಂದು ಹೇಳಿದರು. ಬಾಹ್ಯಾಕಾಶದಲ್ಲಿ ಭೂಮಿಯನ್ನು ಸುತ್ತುವರಿದ, ಬಿರುಗಾಳಿಯಲ್ಲಿ ಬಲಗೊಳ್ಳುವ ವಿದ್ಯುತ್ತಿನ ಉಂಗುರ ಪ್ರವಾಹ ಬಿರುಗಾಳಿಯ ನಂತರ ಹಲವು ದಿನಗಳಲ್ಲಿ ಶಮನವಾಗುತ್ತದೆ. ಸೂರ್ಯನ 27 ದಿನಗಳ ಆವರ್ತನೆಯೂ ಅದರಲ್ಲಿ ಮೂಡುತ್ತದೆ. ಇಷ್ಟು ದೀರ್ಘ ಅವಧಿಗಳು ನಮ್ಮನ್ನು 1000 ಕಿ.ಮೀ. ಆಚೆಗೆ ಒಯ್ಯುತ್ತವೆ.

ವೀಕ್ಷಣಾಲಯಗಳ ತೊಂದರೆಯೆಂದರೆ ಅವು ಇರುವುದು ನೆಲದ ಮೇಲೆ, ಅದೂ ಅಸಮವಾಗಿ ಹಂಚಿಕೊಂಡು. ಆ ಕೊರತೆಯನ್ನು ಉಪಗ್ರಹಗಳು ತುಂಬುತ್ತವೆ. 2013ರ ನವೆಂಬರಿನಲ್ಲಿ ಹಾರಿದ, ಭೂಕಾಂತಕ್ಷೇತ್ರವನ್ನು ಅಳೆಯುವ ಸ್ವಾರ್ಮ್‌ನ ಮೂರು ಉಪಗ್ರಹಗಳ ದತ್ತಾಂಶದಲ್ಲಿ ನನಗೆ ಅತ್ಯಂತ ಹಿಡಿಸಿದ ಬಳಕೆ ಸಮುದ್ರದ ಉಬ್ಬರವಿಳಿತದ್ದು. ಉಪ್ಪುನೀರು ವಾಹಕ, ಅದು ಭೂಮಿಯ ಕಾಂತಕ್ಷೇತ್ರದಲ್ಲಿ ಚಲಿಸಿದಾಗ ವಿದ್ಯುತ್ ಹುಟ್ಟುತ್ತದೆ, ಅದರ ಕಾಂತಕ್ಷೇತ್ರ ಉಪಗ್ರಹದ ಎತ್ತರದವರೆಗೂ ಕೆಲವು ನ್ಯಾನೊಟೆಸ್ಲಾದಷ್ಟು ತಲುಪುತ್ತದೆ. ಚಂದ್ರನಿಂದಾಗುವ 12 ಗಂಟೆ 25 ನಿಮಿಷಗಳ ಈ ಏರಿಳಿತದಿಂದ ಸಾಗರಗಳ ಅಡಿಯ ಮೇಲಿನ ಮ್ಯಾಂಟಲ್‌ನ ಸರಾಸರಿ ವಾಹಕತೆಯನ್ನು 2016ರಲ್ಲಿ ಅಂದಾಜಿಸಲಾಯಿತು.

ಗ್ರಿಡ್‌ನೋಟ:

ವಿಷಯಕ್ಕೆ ಹತ್ತಿರದ ಒಂದು ಪ್ರಶ್ನೆ. ನಾನು ವಿದ್ಯುತ್ ಪ್ರಸರಣ ಜಾಲದ ಕಡೆಯವನು. 1989ರ ಮಾರ್ಚ್ 13ರಂದು ಕಾಂತೀಯ ಬಿರುಗಾಳಿಯಿಂದ ಕ್ವಿಬೆಕ್ ಪ್ರಾಂತ್ಯದ ಜಾಲ ಕುಸಿದು, ಸುಮಾರು 60 ಲಕ್ಷ ಜನ 9 ಗಂಟೆ ಕತ್ತಲಲ್ಲಿದ್ದರು. ಅಲ್ಲಿನ ನೆಲ ಪ್ರಾಚೀನ ಗಟ್ಟಿಶಿಲೆಯಾಗಿದ್ದುದೇ ಒಂದು ಕಾರಣ ಎನ್ನುತ್ತಾರೆ. ರೋಧಕತೆ ಹೆಚ್ಚಿರುವ ನೆಲದಲ್ಲಿ ಪ್ರವಾಹ ಕಡಿಮೆ ಹರಿಯಬೇಕಲ್ಲವೇ? ಅಪಾಯ ಹೆಚ್ಚುವುದು ಹೇಗೆ?

ಓಮ್‌ಮೀಟರ್:

ನೆಲದಲ್ಲಿ ಕಡಿಮೆ ಹರಿಯುವುದರಿಂದಲೇ ನಿಮ್ಮ ತಂತಿಯಲ್ಲಿ ಹೆಚ್ಚು ಹರಿಯುತ್ತದೆ. ಕಾಂತಕ್ಷೇತ್ರದ ಬದಲಾವಣೆ ಒಂದೇ ಇದ್ದರೂ, ರೋಧಕತೆ ಹೆಚ್ಚಿರುವ ನೆಲದ ಮೇಲ್ಮೈಯಲ್ಲಿ ವಿದ್ಯುತ್ ಕ್ಷೇತ್ರ ದೊಡ್ಡದಾಗಿರುತ್ತದೆ. ಎರಡೂ ತುದಿಗಳಲ್ಲಿ ಭೂಸಂಪರ್ಕ ಪಡೆದ ನೂರಾರು ಕಿಲೋಮೀಟರಿನ ಪ್ರಸರಣ ತಂತಿ ಆ ವೋಲ್ಟೇಜನ್ನು ಎತ್ತಿಕೊಂಡು ಟ್ರಾನ್ಸ್‌ಫಾರ್ಮರುಗಳಿಗೆ ನೇರಪ್ರವಾಹದಂಥದ್ದನ್ನು ತುರುಕುತ್ತದೆ. ಎಂಟಿ ಠಾಣೆಯಲ್ಲಿ ನಾವು ತೆಗೆಯುವ ಅನುಪಾತ ನಿಮಗೆ ಬೇಕಾದ ಸಂಖ್ಯೆಯೇ: ಇಷ್ಟು ಕಾಂತೀಯ ಏರಿಳಿತಕ್ಕೆ ಇಲ್ಲಿ ಇಷ್ಟು ವಿದ್ಯುತ್ ಕ್ಷೇತ್ರ. ಅಮೆರಿಕದಲ್ಲಿ 2006ರಿಂದ ಸುಮಾರು 70 ಕಿ.ಮೀ.ಗೆ ಒಂದರಂತೆ ದೇಶದುದ್ದಕ್ಕೂ ನಡೆದ ಎಂಟಿ ಸಮೀಕ್ಷೆ ಮ್ಯಾಂಟಲ್ ಅಧ್ಯಯನಕ್ಕೆಂದು ಶುರುವಾಗಿ, ಈಗ ಜಾಲದ ಅಪಾಯದ ನಕ್ಷೆಗಳಿಗೂ ಆಧಾರವಾಗಿದೆ. ಇದರಲ್ಲಿ ನೀರೋ ಗ್ರಾಫೈಟೋ ಎಂಬ ಚರ್ಚೆಯ ಗೋಜೇ ಇಲ್ಲ. ಮಾದರಿಯನ್ನೂ ಕಟ್ಟಬೇಕಿಲ್ಲ, ಅಳೆದದ್ದನ್ನು ಹಾಗೆಯೇ ಬಳಸಬಹುದು.

ಜಿಜ್ಞಾಸು:

ಮಾದರಿ ಕಟ್ಟುವುದರ ಬಗ್ಗೆ ಒಂದು ಮಾತು ಕೇಳಬೇಕು. ಒಂದೇ ದತ್ತಾಂಶಕ್ಕೆ ಹಲವು ಮಾದರಿಗಳು ಹೊಂದುತ್ತವೆ ಎಂದಾದರೆ, ಪ್ರಕಟವಾದ ಚಿತ್ರದಲ್ಲಿ ಕಾಣುವ ವಾಹಕ ನಿಜವಾಗಿಯೂ ದತ್ತಾಂಶದ ಬೇಡಿಕೆಯೋ, ಲೆಕ್ಕದ ತಂತ್ರದಿಂದ ಬಂದದ್ದೋ ಎಂದು ಹೊರಗಿನವರು ತಿಳಿಯುವುದು ಹೇಗೆ?

ಓಮ್‌ಮೀಟರ್:

1987ರಲ್ಲಿ ಕಾನ್‌ಸ್ಟಬಲ್, ಪಾರ್ಕರ್ ಮತ್ತು ಕಾನ್‌ಸ್ಟಬಲ್ ಮಂಡಿಸಿದ, ಸರಳವಾದ ವಿವರಣೆಯನ್ನೇ ಆರಿಸಬೇಕೆಂಬ ಸೂತ್ರಕ್ಕೆ ಹೆಸರಾದ ಮಧ್ಯಯುಗದ ತತ್ತ್ವಜ್ಞಾನಿ ಆಕಂನ ಹೆಸರು ಹೊತ್ತ ವಿಧಾನದ ತತ್ತ್ವ ಇಂದಿಗೂ ನಡೆಯುತ್ತಿದೆ: ದತ್ತಾಂಶಕ್ಕೆ ದೋಷದ ಮಿತಿಯೊಳಗೆ ಹೊಂದುವ ಮಾದರಿಗಳಲ್ಲಿ ಅತ್ಯಂತ ನಯವಾದುದನ್ನು ಆರಿಸು. ಅದರ ಸದ್ಗುಣವೆಂದರೆ ದತ್ತಾಂಶ ಕೇಳದ ಉಬ್ಬುತಗ್ಗುಗಳನ್ನು ಅದು ಸೇರಿಸುವುದಿಲ್ಲ. ಆದ್ದರಿಂದ ಅಂಥ ಮಾದರಿಯಲ್ಲೂ ಉಳಿದುಕೊಂಡ ವಾಹಕಕ್ಕೆ ಬೆಲೆಯಿದೆ. ಆದರೆ ಅದರ ಅಂಚುಗಳು ನಿಜಕ್ಕಿಂತ ಮೆತ್ತಗಿರುತ್ತವೆ, ಗಾತ್ರ ನಿಜಕ್ಕಿಂತ ಹಿರಿದಾಗಿರುತ್ತದೆ.

ಪ್ರಬಂಧ ಓದುವಾಗ ನಾನು ನೋಡುವುದು, ಲೇಖಕರು ಆ ವಾಹಕವನ್ನು ಮಾದರಿಯಿಂದ ಅಳಿಸಿ ಮತ್ತೆ ಲೆಕ್ಕ ಹಾಕಿದ್ದಾರೆಯೇ, ಹಾಗೆ ಅಳಿಸಿದಾಗ ಯಾವ ಠಾಣೆಯ, ಯಾವ ಅವಧಿಯ ದತ್ತಾಂಶ ಹೊಂದದೆ ಹೋಯಿತು ಎಂದು ತೋರಿಸಿದ್ದಾರೆಯೇ ಎಂಬುದನ್ನು. ಒಂದೇ ಠಾಣೆ, ಅದೂ ಸತ್ತ ಪಟ್ಟಿಯ ಎರಡು ಬಿಂದುಗಳು ಮಾತ್ರ ತಕರಾರು ಮಾಡಿದ್ದರೆ ಆ ವಾಹಕದ ಮೇಲೆ ಸಿದ್ಧಾಂತ ಕಟ್ಟುವುದು ಬೇಡ. ಠಾಣೆಗಳ ನಡುವಿನ ಅಂತರವನ್ನೂ ಗಮನಿಸಿ, 70 ಕಿ.ಮೀ.ಗೆ ಒಂದರಂತೆ ಅಳೆದವರು 10 ಕಿ.ಮೀ. ಅಗಲದ ಶಿಲಾಪಾಕದ ಕೊಳವೆಯನ್ನು ತೋರಿಸಿದರೆ ಅದು ದತ್ತಾಂಶದ ಮಾತಲ್ಲ. ಕರಾವಳಿಯ ಸಮೀಕ್ಷೆಯಾದರೆ ಸಮುದ್ರವನ್ನು ಮಾದರಿಯೊಳಗೆ ಸೇರಿಸಿರಲೇಬೇಕು. 4 ಕಿ.ಮೀ. ಆಳದ ಸಮುದ್ರನೀರು ಎಂದರೆ 13,000 ಸೀಮೆನ್ಸ್. ಅದನ್ನು ಮರೆತರೆ ಅದರ ನೆರಳು ಖಂಡದ ಅಡಿಯಲ್ಲಿ ಎಲ್ಲಿಯೋ ಒಂದು ಸುಳ್ಳು ವಾಹಕವಾಗಿ ಏಳುತ್ತದೆ.

ಕಂಪನರೇಖೆ:

ನನ್ನ ಸಂಶಯ ಬಹುಪಾಲು ತಣಿಯಿತು. ನಿಕರಾಗುವಾ ತೀರದಾಚೆ ಸಮುದ್ರತಳದ ಎಂಟಿ ಅಳತೆಗಳಿಂದ, ಕೋಕೋಸ್ ಎಂಬ ಭೂಫಲಕದ ತಳದಲ್ಲಿ 45ರಿಂದ 70 ಕಿ.ಮೀ. ಆಳದ ನಡುವೆ ಕರಗಿದ ಕಲ್ಲಿನ ಪದರವನ್ನು 2013ರಲ್ಲಿ ಗುರುತಿಸಿದ್ದರು. ಫಲಕಗಳು ಏಕೆ ಸಲೀಸಾಗಿ ಜಾರುತ್ತವೆ ಎಂಬ ನಮ್ಮ ಹಳೆಯ ಪ್ರಶ್ನೆಗೆ ಅದು ನೇರವಾಗಿ ಸಂಬಂಧಿಸಿತ್ತು. ಅದನ್ನು ಈಗ ನೀವು ಹೇಳಿದ ಕಣ್ಣಿನಿಂದ ಮತ್ತೆ ಓದುತ್ತೇನೆ. ಕೊನೆಯದಾಗಿ ಒಂದು ಪ್ರಶ್ನೆ: ಈ ವಿಧಾನಗಳಿಗೆ ತಳ ಎಲ್ಲಿ? ಕೇಂದ್ರಗೋಳದ ಗಡಿಯವರೆಗೆ, ಅಂದರೆ 2900 ಕಿ.ಮೀ.ವರೆಗೆ ಹೋಗಬಹುದೇ?

ಓಮ್‌ಮೀಟರ್:

ಮೇಲಿನಿಂದ ಕಳಿಸಿದ ಸಂಕೇತಗಳಿಂದ ಹೋಗಲಾಗದು. ಕೆಳಗಿನ ಮ್ಯಾಂಟಲ್‌ನಲ್ಲಿ ವಾಹಕತೆ ಮೀಟರಿಗೆ 1 ಸೀಮೆನ್ಸ್ ದಾಟುವುದರಿಂದ, ಇನ್ನೂ ಆಳಕ್ಕೆ ಇಳಿಯಲು ವರ್ಷಗಟ್ಟಲೆ ಅವಧಿಯ ಏರಿಳಿತ ಬೇಕು. ಹನ್ನೊಂದು ವರ್ಷಗಳ ಸೌರಚಕ್ರ ಅಂಥ ಅವಧಿಯದೇ, ಆದರೆ ಅದೇ ಅವಧಿಗಳಲ್ಲಿ ಕೇಂದ್ರಗೋಳವೂ ತನ್ನದೇ ಕಾಂತಕ್ಷೇತ್ರವನ್ನು ಬದಲಿಸುತ್ತಿರುತ್ತದೆ. ಹೊರಗಿನದು ಯಾವುದು, ಒಳಗಿನದು ಯಾವುದು ಎಂದು ಬಿಡಿಸುವುದು ಅತಿ ಕಷ್ಟ. ಹೀಗಾಗಿ ಸುಮಾರು 1500 ಕಿ.ಮೀ. ನಂತರ ನಮ್ಮ ಅಂದಾಜುಗಳು ಸಡಿಲವಾಗುತ್ತವೆ.

ತಳಭಾಗಕ್ಕೆ ಇರುವ ದಾರಿ ತಿರುಗುಮುರುಗು. ಕೇಂದ್ರಗೋಳದಲ್ಲಿ ಹುಟ್ಟುವ ಕಾಂತಕ್ಷೇತ್ರದ ಬದಲಾವಣೆಯ ದರ ಆಗಾಗ ಒಂದೆರಡು ವರ್ಷಗಳೊಳಗೆ ಥಟ್ಟನೆ ತಿರುಗುತ್ತದೆ. 1969ರ ಸುಮಾರಿಗೆ ಆದದ್ದು ಚೆನ್ನಾಗಿ ದಾಖಲಾಗಿದೆ. ಆ ತಿರುವು ಇಡೀ ಮ್ಯಾಂಟಲ್ ದಾಟಿ ಮೇಲೆ ಬರುವಾಗ, ಕೆಳಗಿನ ಮ್ಯಾಂಟಲ್ ಬಹಳ ಒಳ್ಳೆಯ ವಾಹಕವಾಗಿದ್ದರೆ ಅದು ಮಂದವಾಗಿ, ವರ್ಷಾನುಗಟ್ಟಲೆ ಹರಡಿಕೊಂಡು ಕಾಣಬೇಕಿತ್ತು. ಅಷ್ಟು ಚೂಪಾಗಿ ಕಂಡದ್ದರಿಂದ ಅಲ್ಲಿನ ವಾಹಕತೆಗೆ ಒಂದು ಮೇಲ್ಮಿತಿ ಹಾಕಬಹುದು. ಆದರೆ ಕೇಂದ್ರಗೋಳದಿಂದ ಹೊರಟಾಗ ಆ ತಿರುವು ಎಷ್ಟು ಚೂಪಾಗಿತ್ತು ಎಂಬುದನ್ನು ನಾವು ಊಹಿಸಬೇಕಾಗುತ್ತದೆ. ಅಲ್ಲಿ ನಮ್ಮ ಭಾಗಾಕಾರ ನಡೆಯುವುದಿಲ್ಲ, ಏಕೆಂದರೆ ಛೇದದಲ್ಲಿ ಇಡಬೇಕಾದ ಮೂಲ ಸಂಕೇತವನ್ನು ಅಳೆಯುವ ಉಪಾಯ ಯಾರ ಬಳಿಯೂ ಇಲ್ಲ.